ಬ್ಯಾಟು ಕಸಿಯುವ ಮೊದಲು ಗಂಟೆ ಲೆಕ್ಕ ಹಾಕಿ

ಪ್ರಶ್ನೆ: ನಮಸ್ಕಾರ ಸರ್. ನಾವು ಕಲಬುರಗಿಯವರು, ಸೇಡಂ ರಸ್ತೆ ಕಡೆ ಮನೆ. ನಾನು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ). ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮಗನಿಗೆ ಹದಿಮೂರು ವರ್ಷ, ಎಂಟನೇ ಕ್ಲಾಸ್. ಅವನಿಗೆ ಕ್ರಿಕೆಟ್ ಹುಚ್ಚು. ಸಂಜೆ ಐದೂವರೆಯಿಂದ ಆರೂವರೆವರೆಗೆ ನಮ್ಮ ಬಡಾವಣೆಯ ಖಾಲಿ ಜಾಗದಲ್ಲಿ ಆಡುತ್ತಾನೆ. ಏಳಕ್ಕೆ ಮನೆಗೆ ಬಂದ ಮೇಲೆ ಮ್ಯಾಚ್ ಇದ್ದರೆ ಟಿವಿ, ಇಲ್ಲದಿದ್ದರೆ ಮೊಬೈಲ್‌ನಲ್ಲಿ ಹೈಲೈಟ್ಸ್, ರೀಲ್ಸ್. ಮಲಗುವಾಗ ಹನ್ನೊಂದೂವರೆ. ಮುಂಜಾನೆ ಆರಕ್ಕೆ ಎಬ್ಬಿಸುವುದೇ ಒಂದು ಜಗಳ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ನೂರಕ್ಕೆ ಮೂವತ್ತೆಂಟು ಬಂದಿದೆ. ನಮ್ಮ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ಕೊನೆಗೆ ಬಂದಾಗಿನಿಂದ ಮನೆಯಲ್ಲಿ ಮುತ್ಯಾ (ಅಜ್ಜ) ಅವರದು ಒಂದೇ ಮಾತು: ‘ಆ ಬ್ಯಾಟ್ ಒಲಿಗೆ ಹಾಕ್ರಿ, ಹುಡುಗನ್ನ ಹಾಸ್ಟೆಲಿಗೆ ಹಚ್ರಿ.’ ನಮ್ಮ ಭಾಗಕ್ಕೆ 371ಜೆ ಮೀಸಲಾತಿ ಇದ್ದರೂ ಸೀಟು ಸಿಗಲು ಮಾರ್ಕ್ಸ್ ಬೇಕೇ ಬೇಕಲ್ಲ ಅಂತ ನನಗೂ ಹೆದರಿಕೆ.

ಮಗಳು ಆರನೇ ಕ್ಲಾಸ್. ಶಾಲೆಯ ಖೋಖೋ ಟೀಮಿನಲ್ಲಿದ್ದಾಳೆ. ‘ಇನ್ನೊಂದು ವರ್ಷ ಸಾಕು, ಆಮೇಲೆ ಮೈದಾನ ಬ್ಯಾಡ’ ಅಂತ ಆಯಿ (ಅಜ್ಜಿ) ಹೇಳಿದ್ದಾರೆ.

ಇನ್ನೆರಡು ವಿಷಯ. ಮಗ ಗೆಳೆಯರ ಜೊತೆ ಮ್ಯಾಚ್ ಮೇಲೆ ಇಪ್ಪತ್ತು ರೂಪಾಯಿ ಬಾಜಿ ಕಟ್ಟಿದ್ದ ಅಂತ ಈಚೆಗೆ ಗೊತ್ತಾಯಿತು. ಮತ್ತೆ, ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ನಡೆಯುವಾಗ ನಮ್ಮ ಆಟಗಾರರು ಪಾಕಿಸ್ತಾನದವರಿಗೆ ಕೈ ಕೊಡಲಿಲ್ಲ ಅಲ್ವಾ, ಅದನ್ನು ನೋಡಿದ ಮೇಲೆ ಇವನೂ ಪಕ್ಕದ ಮನೆಯ ಹುಡುಗನಿಗೆ ಕೈ ಕೊಡುವುದು ಬಿಟ್ಟ. ಇಬ್ಬರೂ ನಾಲ್ಕು ವರ್ಷದ ಗೆಳೆಯರು. ಆ ಹುಡುಗ ಮುಸ್ಲಿಂ. ಮೂರು ತಿಂಗಳಿಂದ ಮಾತಿಲ್ಲ. ನಾನು ಏನು ಹೇಳಬೇಕೋ ತಿಳಿಯದೆ ಸುಮ್ನೆ ಇದ್ದೇನೆ. ಕೊನೆಗೆ ಒಂದು ಸಣ್ಣ ಪ್ರಶ್ನೆ: ಲೆದರ್ ಬಾಲ್‌ನಲ್ಲಿ ಆಡುವ ಬ್ಯಾಟ್ ಕೇಳುತ್ತಿದ್ದಾನೆ, ಕೊಡಿಸಲೇ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಪೆನ್ನು ಹಿಡಿದು ಕೂತೆ. ‘ಕ್ರಿಕೆಟ್ ಹುಚ್ಚು’ ಅನ್ನುವ ಒಂದೇ ಚೀಲದಲ್ಲಿ ನೀವು ಎರಡು ಬೇರೆ ಬೇರೆ ಸಾಮಾನು ತುಂಬಿದ್ದೀರಿ. ಹುಡುಗ ಆಡುವುದು ದಿನಕ್ಕೆ ಒಂದು ಗಂಟೆ. ನೋಡುವುದು ಎಷ್ಟು? ಏಳಕ್ಕೆ ಮನೆಗೆ ಬರುತ್ತಾನೆ, ಹನ್ನೊಂದೂವರೆಗೆ ಮಲಗುತ್ತಾನೆ. ಕೈಕಾಲು ತೊಳೆಯುವುದು, ಊಟ, ಹೋಮ್‌ವರ್ಕ್ ಅಂತ ಒಂದೂವರೆ ಗಂಟೆ ಕಳೆಯಿರಿ. ಉಳಿದದ್ದು ಮೂರು ಗಂಟೆ. ವಾರಕ್ಕೆ ಆಡಿದ್ದು ಏಳು ಗಂಟೆ, ನೋಡಿದ್ದು ಇಪ್ಪತ್ತೊಂದು. ಮುತ್ಯಾ ಒಲೆಗೆ ಹಾಕಲು ಹೊರಟಿರುವುದು ಏಳು ಗಂಟೆಯ ಬ್ಯಾಟನ್ನು. ಇಪ್ಪತ್ತೊಂದು ಗಂಟೆಯ ರಿಮೋಟು ಬಹುಶಃ ಅವರ ಕೈಯಲ್ಲೇ ಇರುತ್ತದೆ. ತಪ್ಪು ತಿಳಿಯಬೇಡಿ, ನನ್ನ ಮನೆಯಲ್ಲೂ ಅದು ನನ್ನ ಕೈಯಲ್ಲೇ ಇರುವುದು.

ನಾನು ಮೂವತ್ತೊಂದು ವರ್ಷ ಪಿಟಿ ಮಾಸ್ತರನಾಗಿದ್ದೆ. ಆಳಂದ ಕಡೆ ಒಂದಷ್ಟು ವರ್ಷ, ಚಿತ್ತಾಪುರ ಕಡೆ ಒಂದಷ್ಟು, ಕೊನೆಗೆ ಕಲಬುರಗಿ. ರಾತ್ರಿ ಮ್ಯಾಚ್ ಇದ್ದರೆ ಮರುದಿನ ಪ್ರಾರ್ಥನೆ ಸಾಲಿನಲ್ಲೇ ಗೊತ್ತಾಗುತ್ತಿತ್ತು. ‘ನಾಡಗೀತೆ’ ಮುಗಿಯುವಷ್ಟರಲ್ಲಿ ಹತ್ತು ಆಕಳಿಕೆ. ಅಂಥ ಹುಡುಗರನ್ನು ಮೊದಲ ಪೀರಿಯಡ್ಡಿಗೆ ಗಣಿತಕ್ಕೆ ಕೂರಿಸಿದರೆ ಏನಾಗುತ್ತೆ? ಹದಿಮೂರರ ಹುಡುಗನಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ನಿಮ್ಮ ಮಗನಿಗೆ ಸಿಗುತ್ತಿರುವುದು ಆರೂವರೆ. ಇನ್ನು ಆಟದ ವಿಷಯಕ್ಕೆ ಬಂದರೆ, 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಆಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಅವನ ಸಂಜೆಯ ಒಂದು ಗಂಟೆ ಜಾಸ್ತಿ ಅಲ್ಲವೇ ಅಲ್ಲ, ಔಷಧದ ಡೋಸಿನಷ್ಟೇ ಸರಿಯಾಗಿದೆ. ಅದನ್ನು ಕಿತ್ತುಕೊಂಡರೆ ಆ ಗಂಟೆ ಗಣಿತಕ್ಕೆ ಹೋಗುವುದಿಲ್ಲ. ಮೊಬೈಲಿಗೆ ಹೋಗುತ್ತದೆ. ಇದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಒಂದು ಕೆಲಸ ಮಾಡಿ. ಗೋಡೆಯ ಕ್ಯಾಲೆಂಡರ್ ಪಕ್ಕ ಒಂದು ಹಾಳೆ ಅಂಟಿಸಿ. ಎರಡೇ ಕಾಲಂ: ಆಡಿದ್ದು, ನೋಡಿದ್ದು. ಹುಡುಗನೇ ಬರೆಯಲಿ. ಅದರ ಕೆಳಗೆ ನಿಮ್ಮ ಹೆಸರು, ಮುತ್ಯಾ ಹೆಸರು, ಮನೆಯವರ ಹೆಸರೂ ಇರಲಿ. ನೀವೂ ಬರೆಯಬೇಕು. ಎರಡು ವಾರ ಯಾರೂ ಯಾರಿಗೂ ಬೈಯಬಾರದು, ಬರೆಯುವುದಷ್ಟೇ. ಕಚೇರಿಯಿಂದ ಬಂದು ಚಹಾ ಹಿಡಿದು ನ್ಯೂಸ್ ಚಾನೆಲ್ ಮುಂದೆ ಕೂತ ನಿಮ್ಮ ಲೆಕ್ಕ ಎಷ್ಟು ಬರುತ್ತೆ ನೋಡಿ. ಎರಡು ವಾರದ ಮೇಲೆ ರೂಲ್ಸ್ ಮಾಡುವುದು ಸುಲಭ, ಯಾಕೆಂದರೆ ಹಾಳೆಯನ್ನು ಎಲ್ಲರೂ ಓದಿರುತ್ತಾರೆ. ನನ್ನ ಸಲಹೆ ಇಷ್ಟು: ಶಾಲೆ ಇರುವ ದಿನ ರಾತ್ರಿ ಒಂಬತ್ತಕ್ಕೆ ಟಿವಿ ಬಂದ್, ಎಲ್ಲರಿಗೂ. ಐಪಿಎಲ್‌ನ ರಾತ್ರಿ ಮ್ಯಾಚ್ ಶುರುವಾಗುವುದೇ ಏಳೂವರೆಗೆ, ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಮೊದಲ ಇನಿಂಗ್ಸ್ ನೋಡಲಿ. ಕೊನೆಯ ಓವರ್ ಶನಿವಾರ ರಾತ್ರಿಗೆ, ರಜೆಗೆ. ಮೊಬೈಲ್ ರಾತ್ರಿ ನಿಮ್ಮ ಕೋಣೆಯಲ್ಲಿ ಚಾರ್ಜ್ ಆಗಲಿ.

ಮುಂಜಾನೆ ಎದ್ದಾಗ ಮ್ಯಾಚ್ ಏನಾಯಿತು ಅಂತ ತಿಳಿಯುವ ಆತುರ ಇದ್ದೇ ಇರುತ್ತದೆ. ಅದನ್ನು ಉಪಯೋಗಿಸಿಕೊಳ್ಳಿ. ಪೇಪರಿನಲ್ಲಿ ಸ್ಕೋರ್‌ಬೋರ್ಡ್ ಬರುತ್ತಲ್ಲ, ಅದನ್ನು ಅವನ ಮುಂದೆ ಇಡಿ. ಒಂದು ಉದಾಹರಣೆ ಕೊಡುತ್ತೇನೆ. ಗುರಿ 165. ಹನ್ನೆರಡು ಓವರಿಗೆ 92 ಆಗಿದೆ. ಉಳಿದ ಎಂಟು ಓವರಿನಲ್ಲಿ ಓವರಿಗೆ ಎಷ್ಟು ಬೇಕು? ಗಣಿತದಲ್ಲಿ ಮೂವತ್ತೆಂಟು ತೆಗೆದ ಹುಡುಗ ‘ಒಂಬತ್ತರ ಮೇಲೆ ಬೇಕು’ ಅಂತ ಬಾಯಲ್ಲೇ ಹೇಳುತ್ತಾನೆ, ಬೇಕಾದರೆ ಪರೀಕ್ಷೆ ಮಾಡಿ. ಆಮೇಲೆ ಕಾಗದದ ಮೇಲೆ 73ನ್ನು 8ರಿಂದ ಭಾಗಿಸಲಿ, 9.125 ಬರುತ್ತದೆ. ಇನ್ನೊಂದು ಕೇಳಿ. ಸ್ಕೋರ್‌ಬೋರ್ಡಿನಲ್ಲಿ 12.3 ಓವರ್ ಅಂದರೆ ಹನ್ನೆರಡೂವರೆ ಓವರ್. ಆದರೆ ಗಣಿತದ ಪುಸ್ತಕದಲ್ಲಿ ಹನ್ನೆರಡೂವರೆ ಅಂದರೆ 12.5. ಯಾಕೆ ಹೀಗೆ? ಓವರಿಗೆ ಆರು ಬಾಲ್, ದಶಮಾಂಶಕ್ಕೆ ಹತ್ತು ಭಾಗ. ನಾನು ಈ ಪ್ರಶ್ನೆಯನ್ನು ಮೈದಾನದಲ್ಲಿ ಕೇಳಿದ್ದೇನೆ, ಬೇವಿನ ಮರದ ಕೆಳಗೆ ಕೂರಿಸಿ. ದಶಮಾಂಶ ಅಂದರೆ ಓಡುತ್ತಿದ್ದ ಹುಡುಗರು ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ಉತ್ತರ ಹೇಳಿದ್ದಾರೆ. ನಿಮ್ಮ ಮಗನಿಗೆ ಲೆಕ್ಕ ಬರುತ್ತದೆ. ಅದು ಪುಸ್ತಕದಲ್ಲೂ ಇದೆ ಅಂತ ಅವನಿಗೆ ಯಾರೂ ತೋರಿಸಿಲ್ಲ.

ಇನ್ನು ಜಿಲ್ಲೆ ಕೊನೆಗೆ ಬಂದ ವಿಷಯ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿಗೆ ಶೇ 42.43. ಮೊದಲು ಬಂದ ದಕ್ಷಿಣ ಕನ್ನಡಕ್ಕೆ ಶೇ 91.12. ಹಿಂದಿನ ವರ್ಷ ಕೊನೆಯ ಸ್ಥಾನ ಯಾದಗಿರಿಗೆ ಹೋಗಿತ್ತು. ಓದಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಆದರೆ ಈ ಅಂಕಿಯನ್ನು ತಂದು ಒಬ್ಬ ಹುಡುಗನ ಬ್ಯಾಟಿನ ಮೇಲೆ ಹೇರುವುದು ಸರಿಯಲ್ಲ. ನನ್ನ ಸರ್ವಿಸಿನಲ್ಲಿ ಫೇಲಾದ ಮಕ್ಕಳ ಮುಖ ಇನ್ನೂ ನೆನಪಿದೆ. ಹತ್ತಿ ಬಿಡಿಸುವಾಗ ಒಂದು ತಿಂಗಳು, ತೊಗರಿ ರಾಶಿಗೆ ಮತ್ತೆ ಹದಿನೈದು ದಿನ ಶಾಲೆ ಬಿಟ್ಟವರು. ಅಪ್ಪ ಅವ್ವನ ಜೊತೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗಿ ಪರೀಕ್ಷೆಗೆ ಮಾತ್ರ ಬಂದವರು. ವರ್ಷದ ಅರ್ಧ ಗಣಿತಕ್ಕೆ ಮಾಸ್ತರೇ ಇಲ್ಲದ ಶಾಲೆಯವರು. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹೆಣ್ಣುಮಕ್ಕಳು. ‘ಆಡಿ ಆಡಿ ಫೇಲಾದ’ ಅನ್ನುವಂಥ ಹುಡುಗರು ಬೆರಳೆಣಿಕೆ. ಎಷ್ಟೋ ಸಲ ಮೈದಾನದ ಆಸೆಗೇ ಶಾಲೆಗೆ ಬರುತ್ತಿದ್ದವರು ಇದ್ದರು. ಬಂದ ಮೇಲೆ ಪಾಠವೂ ಕಿವಿಗೆ ಬೀಳುತ್ತಿತ್ತು. ನಿಮ್ಮ ಮಗ ದಿನಾ ಶಾಲೆಗೆ ಹೋಗುತ್ತಾನೆ, ಅವನಿಗಿನ್ನೂ ಎರಡು ವರ್ಷ ಇದೆ, ಹತ್ತನೇ ಕ್ಲಾಸಿಗೆ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವೂ ಇದೆ. ಗಣಿತಕ್ಕೆ ವಾರಕ್ಕೆ ಮೂರು ದಿನ ಟ್ಯೂಷನ್ ಹಾಕಿ, ಸಂಜೆ ಏಳರ ಮೇಲೆ ಇರಲಿ. ಹಾಸ್ಟೆಲ್ ಈಗ ಬೇಡ. ಓದಿಸಲು ಹಾಸ್ಟೆಲಿಗೆ ಹಚ್ಚುವುದು ಬೇರೆ, ಟಿವಿ ಬಂದ್ ಮಾಡಲು ಆಗದೆ ಹಚ್ಚುವುದು ಬೇರೆ. ನಿಮ್ಮದು ಎರಡನೆಯದು.

ಬಾಜಿ ವಿಷಯ. ಇಪ್ಪತ್ತು ರೂಪಾಯಿ ಅಂತ ನಗಬೇಡಿ, ಹೌಹಾರಲೂ ಬೇಡಿ. ಇದು ಹೇಗೆ ಶುರುವಾಗುತ್ತೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಪಾನ್ ಡಬ್ಬಿ ಪಕ್ಕ ನಾಲ್ಕು ಹುಡುಗರು ನಿಂತಿರುತ್ತಾರೆ. ಮೊದಲು ‘ಈ ಓವರಲ್ಲಿ ಸಿಕ್ಸ್ ಬೀಳುತ್ತಾ’ ಅಂತ ಸೂಸ್ಲಾ ಪ್ಲೇಟಿನ ಮೇಲೆ ಬಾಜಿ. ಆಮೇಲೆ ಹತ್ತು ರೂಪಾಯಿ. ಆಮೇಲೆ ಸೋತವನಿಗೆ ಸೋತದ್ದು ವಾಪಸ್ ಬರಬೇಕು ಅನ್ನುವ ಹಟ. ದುಡ್ಡಿಗಿಂತ ಆ ಹಟವೇ ಅಪಾಯ. ನಮ್ಮ ಕಡೆ ಮಟ್ಕಾದಲ್ಲಿ ಮನೆ ಕಳೆದುಕೊಂಡವರ ಕಥೆ ಮುತ್ಯಾಗೆ ಗೊತ್ತಿರುತ್ತದೆ. ಅವರೇ ಹೇಳಲಿ, ಬೈಗುಳ ಬೇಡ, ಕಥೆ ಸಾಕು. ಮುತ್ಯಾಗೆ ಬ್ಯಾಟ್ ಸುಡುವ ಕೆಲಸಕ್ಕಿಂತ ಈ ಕೆಲಸ ಒಪ್ಪುತ್ತದೆ.

ಕಾನೂನಿನ ಮಾತನ್ನೂ ಅವನಿಗೆ ತಿಳಿಸಿ, ಅವನಿಗೆ ಇದರಲ್ಲಿ ಆಸಕ್ತಿ ಇದ್ದೇ ಇರುತ್ತದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು. ದುಡ್ಡು ಹಚ್ಚಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಅದರ ಜಾಹೀರಾತು ಮಾಡಿದವರಿಗೂ ಶಿಕ್ಷೆ ಇದೆ. ಆಗ ನಮ್ಮ ಟೀಮಿನ ಜೆರ್ಸಿ ಮೇಲೆ ಇದ್ದ ಡ್ರೀಮ್11 ಅನ್ನುವ ಗೇಮಿಂಗ್ ಕಂಪನಿಯ ಹೆಸರು ರಾತ್ರೋರಾತ್ರಿ ಹೋಯಿತು ಅನ್ನುವುದು ನಿಮ್ಮ ಮಗನಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ‘ಯಾಕೆ ಹೋಯಿತು ಹೇಳು ನೋಡೋಣ’ ಅಂತ ಅವನಿಂದಲೇ ಹೇಳಿಸಿ. ಆ ಕಾಯ್ದೆ ಆಡಿದವರನ್ನು ಜೈಲಿಗೆ ಹಾಕುವುದಿಲ್ಲ, ಹಾಗಾಗಿ ‘ಪೊಲೀಸ್ ಹಿಡಿದುಕೊಂಡು ಹೋಗ್ತಾರೆ’ ಅಂತ ಸುಳ್ಳು ಹೆದರಿಕೆ ಹಾಕಬೇಡಿ. ಹದಿಮೂರರ ಹುಡುಗ ಒಂದೇ ನಿಮಿಷದಲ್ಲಿ ಫೋನಿನಲ್ಲಿ ನೋಡಿ ನಿಮ್ಮ ಸುಳ್ಳು ಹಿಡಿಯುತ್ತಾನೆ. ಆಮೇಲೆ ನೀವು ಹೇಳಿದ ನಿಜವನ್ನೂ ನಂಬುವುದಿಲ್ಲ. ಒಂದು ಕೆಲಸ ಮಾತ್ರ ಇವತ್ತೇ ಮಾಡಿ: ನಿಮ್ಮ ಫೋನ್‌ಪೇ, ಗೂಗಲ್‌ಪೇ ಪಿನ್ ಬದಲಾಯಿಸಿ. ಅಂಗಡಿಗೆ ಕಳಿಸುವಾಗ ಪಿನ್ ಹೇಳಿಕೊಟ್ಟಿರುತ್ತೀರಿ, ಹೌದಲ್ವಾ?

ಈಗ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ ವಿಷಯಕ್ಕೆ ಬರುತ್ತೇನೆ. ನೀವು ಅದನ್ನು ಕೊನೆಯಲ್ಲಿ ಎರಡು ಸಾಲಿನಲ್ಲಿ ಬರೆದಿದ್ದೀರಿ. ಕೈ ಕೊಡದ ವಿಷಯ.

ಮೊದಲು ಹುಡುಗನಿಗೆ ಏನಾಯಿತು ಅಂತ ಸಾಲಾಗಿ ಹೇಳಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ಆಯಿತು. ಸೆಪ್ಟೆಂಬರ್ 14ರಂದು ದುಬೈನಲ್ಲಿ ಎರಡೂ ದೇಶದ ಟೀಮು ಆಡಿದವು, ಪಂದ್ಯ ಮುಗಿದ ಮೇಲೆ ನಮ್ಮವರು ಕೈ ಕೊಡಲಿಲ್ಲ. ಸೆಪ್ಟೆಂಬರ್ 28ರಂದು ಫೈನಲ್ ಗೆದ್ದರೂ, ಆಗ ಪಾಕಿಸ್ತಾನ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆಗಿದ್ದ ಏಷ್ಯಾ ಕ್ರಿಕೆಟ್ ಮಂಡಳಿ ಮುಖ್ಯಸ್ಥರಿಂದ ಟ್ರೋಫಿ ತೆಗೆದುಕೊಳ್ಳಲಿಲ್ಲ. ನಡೆದದ್ದು ಇಷ್ಟು. ಅದು ಸರಿಯೋ ತಪ್ಪೋ ಅಂತ ದೊಡ್ಡವರು ಇನ್ನೂ ವಾದ ಮಾಡುತ್ತಿದ್ದಾರೆ. ನಿಮಗೂ ಒಂದು ಅಭಿಪ್ರಾಯ ಇರಬಹುದು, ಇರಲಿ. ಅದು ಎರಡು ದೇಶದ ನಡುವಿನ ಸಿಟ್ಟು.

ಆಮೇಲೆ ಒಂದೇ ಪ್ರಶ್ನೆ ಕೇಳಿ: ‘ಪಕ್ಕದ ಮನೆ ಹುಡುಗ ಯಾವ ದೇಶದ ಟೀಮಿನಲ್ಲಿ ಆಡ್ತಾನಪ್ಪಾ?’ ಉತ್ತರ ನೀವು ಹೇಳಬೇಡಿ. ಅವನು ಸುಮ್ಮನಾಗುತ್ತಾನೆ. ಆ ಸುಮ್ಮನಿರುವ ಹೊತ್ತು ಅವನಿಗೆ ಬೇಕು, ಭಾಷಣದಿಂದ ತುಂಬಬೇಡಿ. ಅವನು ‘ಟಿವಿಯಲ್ಲಿ ಅವರು ಮಾಡಿದ್ರಲ್ಲ’ ಅನ್ನಬಹುದು. ಟಿವಿಯಲ್ಲಿ ಇದ್ದದ್ದು ದುಬೈ. ಇಲ್ಲಿರುವುದು ಸೇಡಂ ರಸ್ತೆ. ಆ ಹುಡುಗನೂ ಅದೇ ಬಡಾವಣೆಯ ಧೂಳು ಕುಡಿದವನು, ಅವನೂ ಅದೇ ಭಾರತದ ಟೀಮಿಗೆ ಕೂಗಿದವನು. ನಾಲ್ಕು ವರ್ಷ ಗೆಳೆಯನಾಗಿದ್ದವನಿಗೆ ಒಂದು ಸಂಜೆ ಇದ್ದಕ್ಕಿದ್ದಂತೆ ಕೈ ಸಿಗಲಿಲ್ಲ. ಯಾಕೆ ಅಂತ ಅವನಿಗೆ ಗೊತ್ತು. ಹದಿಮೂರಕ್ಕೇ ಗೊತ್ತು. ಅವನ ಅಮ್ಮನಿಗೂ ಗೊತ್ತಿರುತ್ತದೆ. ಅದಕ್ಕೇ ಅವರು ನಿಮ್ಮನ್ನು ಏನೂ ಕೇಳಿಲ್ಲ.

ನೀವು ‘ಸುಮ್ನೆ ಇದ್ದೇನೆ’ ಅಂತ ಬರೆದಿದ್ದೀರಿ. ಮೂರು ತಿಂಗಳು ಸುಮ್ಮನಿದ್ದದ್ದು ಸಾಕು ಅಂತ ನನ್ನ ಅಭಿಪ್ರಾಯ. ಮಕ್ಕಳ ಜಗಳ ಮಕ್ಕಳೇ ಸರಿ ಮಾಡಿಕೊಳ್ಳುತ್ತಾರೆ ಅನ್ನುವುದು ಔಟ್ ನಾಟೌಟ್ ಜಗಳಕ್ಕೆ ಸರಿ. ಇದು ದೊಡ್ಡವರ ಲೋಕದಿಂದ ಬಂದ ಜಗಳ, ದೊಡ್ಡವರೇ ಮೊದಲ ಹೆಜ್ಜೆ ಇಡಬೇಕು. ಭಾನುವಾರ ಮುಂಜಾನೆ ನೀವೇ ಅವರ ಮನೆ ಬಾಗಿಲಿಗೆ ಹೋಗಿ. ದೊಡ್ಡ ಮಾತೇನೂ ಬೇಡ. ‘ಇವತ್ತು ನಾನೂ ಆಡಾಕ ಬರ್ತೀನಿ, ಹುಡುಗನ್ನ ಕಳಸ್ರಿ’ ಅಂದರೆ ಸಾಕು. ಮಗನನ್ನೂ ಅವನನ್ನೂ ಒಂದೇ ಟೀಮಿಗೆ ಹಾಕಿ ಓಪನಿಂಗ್ ಇಳಿಸಿ. ರನ್ ಓಡಬೇಕಾದರೆ ‘ಬಾ’ ಅನ್ನಲೇಬೇಕು, ‘ಬ್ಯಾಡ’ ಅನ್ನಲೇಬೇಕು. ಮೂರು ತಿಂಗಳ ಮೌನ ಮುರಿಯಲು ಎರಡನೇ ರನ್‌ಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಒಬ್ಬ ರನೌಟ್ ಆಗಿ ಇನ್ನೊಬ್ಬನಿಗೆ ಬೈದರಂತೂ ಕೆಲಸ ಮುಗಿದ ಹಾಗೆ. ಮ್ಯಾಚ್ ಆದ ಮೇಲೆ ಎಲ್ಲರೂ ಎಲ್ಲರಿಗೂ ಕೈ ಕೊಡುವುದು ಅನ್ನುವ ರೂಲ್ ನೀವು ಹಾಕಿ, ಮೊದಲ ಕೈ ನಿಮ್ಮದಿರಲಿ. ಕ್ಷಮೆ ಕೇಳು ಅಂತ ಎಲ್ಲರ ಮುಂದೆ ನಿಲ್ಲಿಸಬೇಡಿ. ಕೇಳುವುದಿದ್ದರೆ ಅವನು ಒಬ್ಬನೇ ಇದ್ದಾಗ, ಅವನ ಮಾತಿನಲ್ಲಿ ಕೇಳುತ್ತಾನೆ. ಕೇಳದಿದ್ದರೂ ನಡೆಯುತ್ತದೆ, ಮರುದಿನ ಸಂಜೆ ಕರೆಯಲು ಹೋದರೆ ಅದೇ ಕ್ಷಮೆ.

ಮಗಳ ಖೋಖೋ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತಾಲೂಕು ಮಟ್ಟ ಗೆದ್ದು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದಳು. ಮನೆಯಲ್ಲಿ ನಮ್ಮ ಅವ್ವ ಬೇಡ ಅಂದರು. ನಾನು ವಾದ ಮಾಡಲಿಲ್ಲ. ‘ಮುಂದಿನ ವರ್ಷ ಹತ್ತನೇ ಕ್ಲಾಸ್’ ಅಂತ ನೆಪ ಹೇಳಿ ಬಿಡಿಸಿದೆ. ಪಿಟಿ ಮಾಸ್ತರ ನಾನು! ಊರ ಮಕ್ಕಳನ್ನೆಲ್ಲ ಸೀಟಿ ಊದಿ ಓಡಿಸಿದವನು ಮನೆಯ ಮಗಳನ್ನು ಕೂರಿಸಿದೆ. ಅವಳು ಅಳಲಿಲ್ಲ. ಶೂಗಳನ್ನು ತೊಳೆದು, ಒಣಗಿಸಿ, ಪೇಪರಿನಲ್ಲಿ ಸುತ್ತಿ ಟ್ರಂಕಿನ ಮೇಲೆ ಇಟ್ಟಳು. ಈಗ ಬೀದರ್‌ನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ, ಅವಳಿಗೂ ಒಂದು ಮಗಳಿದ್ದಾಳೆ. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಫೈನಲ್ ನಡೆಯಿತು. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಲ್ಲಿ ಸೋಲಿಸಿದರು. ಆ ಟೀಮಿನಲ್ಲಿ ನಮ್ಮ ಕರ್ನಾಟಕದ ಚೈತ್ರಾ ಇದ್ದಳು, ಮೈಸೂರು ಜಿಲ್ಲೆ ಟಿ. ನರಸೀಪುರ ತಾಲೂಕಿನ ಕುರುಬೂರಿನವಳು. ಆಟ ನಡೆಯುವಾಗ ಮಗಳು ಫೋನ್ ಮಾಡಿ ‘ಅಪ್ಪಾ, ಟಿವಿ ಹಚ್ಚೀರೇನು?’ ಅಂದಳು. ಹೌದು ಅಂದೆ. ‘ಹೂಂ’ ಅಂದು ಇಟ್ಟುಬಿಟ್ಟಳು. ಇವತ್ತಿಗೂ ಆ ‘ಹೂಂ’ ನನ್ನ ಕಿವಿಯಲ್ಲಿದೆ.

ನಿಮ್ಮ ಮನೆಯ ಆಯಿ ಕೆಟ್ಟವರಲ್ಲ. ‘ಇನ್ನೊಂದು ವರ್ಷ ಸಾಕು’ ಅನ್ನುವ ಮಾತಿನ ಹಿಂದೆ ಇರುವುದು ಮುಟ್ಟಿನ ಚಿಂತೆ, ಊರವರ ಕಣ್ಣಿನ ಚಿಂತೆ. ಅದನ್ನು ನೇರವಾಗಿ ಮಾತಾಡಿ. ಗಂಡಸರಿಗೆ ಮುಜುಗರ ಅನಿಸಿದರೆ ಮನೆಯವರು ಮಾತಾಡಲಿ. ಮುಟ್ಟಾದಾಗ ಆಡಿದರೆ ಆರೋಗ್ಯಕ್ಕೆ ಏನೂ ಆಗುವುದಿಲ್ಲ. ಹೊಟ್ಟೆನೋವು ಜಾಸ್ತಿ ಇದ್ದ ದಿನ ಕೂರಲಿ, ಇಲ್ಲದಿದ್ದರೆ ಆಡಲಿ. ಪಂದ್ಯಕ್ಕೆ ಹೊರಡುವಾಗ ಬ್ಯಾಗಿನಲ್ಲಿ ಎರಡು ಪ್ಯಾಡ್, ಗಾಢ ಬಣ್ಣದ ಟ್ರ್ಯಾಕ್ ಪ್ಯಾಂಟ್, ಒಂದು ಜೊತೆ ಬಟ್ಟೆ ಇರಲಿ. ಮೈದಾನದ ಹತ್ತಿರ ಬಾಗಿಲಿಗೆ ಚಿಲಕ ಇರುವ, ನೀರು ಬರುವ ಶೌಚಾಲಯ ಇದೆಯಾ ಅಂತ ಶಾಲೆಯವರನ್ನು ಕೇಳಿ. ಎಷ್ಟೋ ಹುಡುಗಿಯರು ಆಟ ಬಿಡುವುದಕ್ಕೆ ಆಯಿಯ ಮಾತಿಗಿಂತ ಆ ಚಿಲಕವೇ ಕಾರಣ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಟೀಮಿನ ಜೊತೆ ಮಹಿಳಾ ಶಿಕ್ಷಕಿ ಹೋಗುತ್ತಾರಾ ಅಂತಲೂ ಕೇಳಿ. ಕೇಳುವುದು ನಿಮ್ಮ ಹಕ್ಕು. ಮುಂದಿನ ಸಲ ಮ್ಯಾಚ್ ಇದ್ದಾಗ ಆಯಿಯನ್ನೂ ಆಟೋದಲ್ಲಿ ಕೂರಿಸಿಕೊಂಡು ಹೋಗಿ. ಮೊಮ್ಮಗಳು ಕಂಬ ಮುಟ್ಟಿ ತಿರುಗಿ ಓಡುವುದನ್ನು ಒಮ್ಮೆ ನೋಡಿದ ಅಜ್ಜಿಯರು ಹೇಗೆ ಬದಲಾಗುತ್ತಾರೆ ಅಂತ ನಾನು ಕಂಡಿದ್ದೇನೆ. ಒಬ್ಬರು ಮೈದಾನದ ಗೆರೆ ದಾಟಿ ಬಂದು ಅಂಪೈರ್ ಜೊತೆ ಜಗಳಕ್ಕೇ ನಿಂತಿದ್ದರು.

ಮತ್ತೆ, 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳ ಟೀಮು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ನಿಮ್ಮ ಮನೆಯಲ್ಲಿ ಟಿವಿ ಮುಂದೆ ಮಗಳೂ ಕೂತಿದ್ದಳಾ? ಅಥವಾ ರೊಟ್ಟಿ ಬಡಿಯುವಲ್ಲಿ ಇದ್ದಳಾ? ಆ ಹಾಳೆಯಲ್ಲಿ ಅವಳ ಹೆಸರಿನ ಮುಂದೆಯೂ ಗಂಟೆಗಳನ್ನು ಬರೆಯಿರಿ, ಸುಮ್ನೆ ಹೇಳಿದೆ.

ಟಿವಿಯ ಸುದ್ದಿ ಬಗ್ಗೆ ಎರಡು ಮಾತು. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು, ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ದಿನ ಚಾನೆಲ್‌ಗಳು ಅದೇ ದೃಶ್ಯವನ್ನು ಎಷ್ಟು ಸಲ ತೋರಿಸಿದವು! ದೊಡ್ಡವರು ತಪ್ಪು ಯಾರದು ಅಂತ ಕೂಗಾಡುತ್ತಿದ್ದರು, ಮಕ್ಕಳು ಸದ್ದಿಲ್ಲದೆ ನೋಡುತ್ತಿದ್ದರು. ಇಂಥ ಸುದ್ದಿ ಬಂದರೆ ಒಂದು ಸಲ ನೋಡಿ, ಟಿವಿ ಆರಿಸಿ, ಮಕ್ಕಳ ಜೊತೆ ಮಾತಾಡಿ, ಹೀಗೆ ಹೇಳಿಕೊಡಿ: ‘ಗುಂಪಿನಲ್ಲಿ ನೂಕುನುಗ್ಗಲು ಶುರುವಾದರೆ ಮುಂದೆ ನುಗ್ಗಬೇಡ, ಎರಡೂ ಕೈ ಎದೆ ಮುಂದೆ ಹಿಡಿ, ಪಕ್ಕಕ್ಕೆ ಸರಿಯುತ್ತಾ ಹೊರಗೆ ಬಾ, ಬಿದ್ದ ಚಪ್ಪಲಿ ಎತ್ತಲು ಬಗ್ಗಬೇಡ.’ ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವಾಗಲೂ ಇದು ಉಪಯೋಗಕ್ಕೆ ಬರುತ್ತದೆ, ಬಂದೇನವಾಜ್ ಉರುಸಿನಲ್ಲೂ ಬರುತ್ತದೆ.

ಬಿಸಿಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಏಪ್ರಿಲ್, ಮೇನಲ್ಲಿ ನಮ್ಮ ಊರು 42, 43 ಡಿಗ್ರಿ ಮುಟ್ಟುತ್ತದೆ. ನಿಮ್ಮ ಕಚೇರಿಯೇ ಆಗ ಮುಂಜಾನೆ 8ರಿಂದ ಮಧ್ಯಾಹ್ನ 1:30. ಹುಡುಗರ ಆಟಕ್ಕೂ ಅಂಥದೇ ಟೈಮ್ ಟೇಬಲ್ ಬೇಕು: ಮುಂಜಾನೆ ಎಂಟರೊಳಗೆ ಇಲ್ಲವೇ ಸಂಜೆ ಐದೂವರೆ ಮೇಲೆ. ಬೇಸಿಗೆ ಕ್ಯಾಂಪಿನವರು ಹತ್ತು ಗಂಟೆಗೆ ಪ್ರಾಕ್ಟೀಸ್ ಇಟ್ಟರೆ ಆ ಕ್ಯಾಂಪ್ ಬೇಡ. ಉಪ್ಪು ಹಾಕಿದ ಮಜ್ಜಿಗೆ ಕೊಟ್ಟು ಕಳಿಸಿ. ಓಆರ್‌ಎಸ್ ಪಾಕೀಟು ಇಲ್ಲದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಮಾಡದೆ, ಮಟ್ಟಸವಾಗಿ. ಆಡುವ ಹುಡುಗ ತೊದಲಿದರೆ, ವಾಂತಿ ಮಾಡಿಕೊಂಡರೆ, ಏನೇನೋ ಮಾತಾಡಿದರೆ ಅದು ಬರೀ ದಣಿವಲ್ಲ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಾ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮಗ ಕ್ರಿಕೆಟರ್ ಆಗುತ್ತಾನಾ ಅಂತ ನೀವು ಕೇಳಿಲ್ಲ, ಅದಕ್ಕೆ ನಿಮ್ಮ ಮೇಲೆ ಗೌರವ ಬಂತು. 2022ರಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ಟೀಮು ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಗೆದ್ದಾಗ ಎಷ್ಟೋ ಅಪ್ಪಂದಿರು ನನ್ನ ಹತ್ತಿರ ಬಂದು ‘ನಮ್ಮ ಊರ ಟೀಮು ಗೆದ್ದಿತಲ್ರೀ, ನಮ್ಮ ಹುಡುಗನ್ನ ಎಲ್ಲಿ ಹಚ್ಚೋದು’ ಅಂದಿದ್ದರು. ಟೀಮಿಗೆ ನಮ್ಮ ಊರಿನ ಹಳೇ ಹೆಸರು ಇತ್ತು, ಫೈನಲ್ ಆಡಿದ್ದು ಬೆಂಗಳೂರಲ್ಲಿ. ಆಡಲಿ, ಚೆನ್ನಾಗಿ ಆಡಿದರೆ ಶಾಲೆಯ ಟೀಮು, ತಾಲೂಕು, ಜಿಲ್ಲೆ ಅಂತ ತಾನೇ ಮೇಲೆ ಹೋಗುತ್ತಾನೆ. ಒಂದೇ ಎಚ್ಚರ: ಹುಟ್ಟಿದ ದಿನಾಂಕದ ದಾಖಲೆ ಸರಿಯಾಗಿರಲಿ. ನಮ್ಮ ಕಡೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ, ಶಾಲೆಗೆ ಹಚ್ಚುವಾಗ ಮಾಸ್ತರು ಬರೆದದ್ದು. ವಯಸ್ಸಿನ ಟೂರ್ನಿಗಳಲ್ಲಿ ಈಗ ಎಲುಬಿನ ಎಕ್ಸ್‌ರೇ ತೆಗೆದು ನೋಡುವ ಕಾಲ.

ಇನ್ನು ಬ್ಯಾಟು. ಕೊಡಿಸಿ. ಆದರೆ ಆ ಹಾಳೆಯ ಎರಡು ವಾರ ಮುಗಿದ ಮೇಲೆ. ಅಂಗಡಿಗೆ ಅವನನ್ನೂ ಕರೆದುಕೊಂಡು ಹೋಗಿ, ಸಾಧ್ಯವಾದರೆ ಪಕ್ಕದ ಮನೆಯ ಗೆಳೆಯನನ್ನೂ. ಶಾಲೆಯ ಯೂನಿಫಾರಂ ತೆಗೆಯುವ ಹಾಗೆ ‘ಬೆಳೀತಾನೆ, ಇರಲಿ’ ಅಂತ ಎರಡು ಸೈಜ್ ದೊಡ್ಡದು ತರಬೇಡಿ. ಭಾರ ಜಾಸ್ತಿಯಾದರೆ ಕೆಳಗಿನ ಕೈಯಿಂದ ಎಳೆದು ಹೊಡೆಯುವ ಚಾಳಿ ಬೀಳುತ್ತದೆ, ಮಣಿಕಟ್ಟೂ ನೋಯುತ್ತದೆ. ಎತ್ತರ ಐದಡಿ ಆಸುಪಾಸು ಇದ್ದರೆ 6ನೇ ಸೈಜ್ ಸಾಕು. ಬರೀ ಮೇಲಿನ ಕೈಯಲ್ಲಿ, ಅಂದರೆ ಬಲಗೈ ಆಟಗಾರನಾದರೆ ಎಡಗೈಯಲ್ಲಿ, ಬ್ಯಾಟ್ ಎತ್ತಿ ನೇರ ಹಿಡಿಯಲು ಹೇಳಿ. ನಡುಗಿದರೆ ಅದು ಅವನ ಬ್ಯಾಟಲ್ಲ. ಕಾಶ್ಮೀರ್ ವಿಲ್ಲೋ ಮರದ್ದು ಸಾಕು, ಇಂಗ್ಲಿಷ್ ವಿಲ್ಲೋ ಬೆಲೆ ಕೇಳಿ ಸುಮ್ಮನೆ ವಾಪಸ್ ಇಡಿ. ಬ್ಯಾಟಿಗಿಂತ ಮೊದಲು ಹೆಲ್ಮೆಟ್, ಪ್ಯಾಡ್, ಗಾರ್ಡ್. ಅವಿಲ್ಲದೆ ಲೆದರ್ ಬಾಲ್ ಮುಟ್ಟಬಾರದು.

ತಂದ ದಿನವೇ ಆಡಲು ಬಿಡಬೇಡಿ. ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚಬೇಕು. ನಮ್ಮ ಕಡೆ ಚಟ್ನಿಗೆ ಹುರಿಯುವ ಅದೇ ಅಗಸೆಯ ಹಸಿ ಎಣ್ಣೆ. ಹಳೆಯ ಬನಿಯನ್ ಬಟ್ಟೆಯಿಂದ ಮುಂಭಾಗಕ್ಕೂ ಅಂಚಿಗೂ ತೆಳ್ಳಗೆ ಹಚ್ಚಿ, ಹಿಡಿಕೆಗೆ ತಾಗದ ಹಾಗೆ, ಒಂದು ರಾತ್ರಿ ಮಲಗಿಸಿ ಇಡಿ. ಹೀಗೆ ಎರಡು ಮೂರು ಸಲ. ಆಮೇಲೆ ಹಳೆಯ ಲೆದರ್ ಬಾಲನ್ನು ಕಾಲುಚೀಲದಲ್ಲಿ ಹಾಕಿ ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರಕ್ಕೂ ಹೆಚ್ಚು ದಿನ ಬ್ಯಾಟಿನ ಮುಂಭಾಗಕ್ಕೆ ಮೆಲ್ಲಗೆ ಕುಟ್ಟುತ್ತಾ ಹೋಗಬೇಕು. ಟಕ್ ಟಕ್ ಸದ್ದಿಗೆ ಮುತ್ಯಾ ಬೈಯುತ್ತಾರೆ. ಒಂದು ಸಲ ಅವರ ಕೈಗೇ ಕೊಟ್ಟು ನೋಡಿ.